ಮಕ್ಕಳ ಪುಸ್ತಕ ಅಂತೆ!

ಇವತ್ತು ರೈಲಿನಲ್ಲಿ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕ ಓದುತ್ತಾ ಕೂತಿದ್ದೆ. ಎದುರು ಸೀಟಿನ ಮಹಾಶಯರು ಒಂದು ಸಲ ಪುಸ್ತಕ ನೋಡಿದರು, ಒಂದು ಸಲ ನನ್ನ ನರೆತ ತಲೆ ನೋಡಿದರು.

"ಮಗಳದ್ದಾ ಮೇಡಂ?"

"ಅಲ್ಲ, ನಂದೇ."

"ಓ... ಇದು ಮಕ್ಕಳ ಪುಸ್ತಕ ಅಲ್ವಾ?" ಅಂತ ನಕ್ಕು ಮೊಬೈಲಿಗೆ ತಲೆ ಬಗ್ಗಿಸಿದರು. ಅದರಲ್ಲಿ ಬಣ್ಣಬಣ್ಣದ ಮಿಠಾಯಿಗಳನ್ನು ಸಾಲಾಗಿ ಜೋಡಿಸಿ ಒಡೆಯುತ್ತಿದ್ದರು. ಅದು ದೊಡ್ಡವರ ಕೆಲಸ ನೋಡಿ.

ನಾನು ಸುಮ್ಮನಿದ್ದೆ. ನಿಮಗೆ ಗೊತ್ತಲ್ಲ, ನಾನು ಎದುರಿಗೆ ಜಗಳ ಆಡುವವಳಲ್ಲ. ಮನೆಗೆ ಬಂದು ಇಲ್ಲಿ ಬರೆಯುವವಳು.

ಈ ನಾಚಿಕೆ ಹೊಸದೇನಲ್ಲ. ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಮರುವರ್ಷವೇ ಪ್ರಕಾಶಕರು ದೊಡ್ಡವರಿಗೆ ಅಂತ ಬೇರೆ ಮುಖಪುಟ ಹಾಕಿದರು, ಕಪ್ಪು-ಬಿಳುಪು ರೈಲಿನ ಫೋಟೋ. ಒಳಗೆ ಅದೇ ಕಥೆ. ಓದುವ ಆಸೆ ಇತ್ತು, ಸಿಕ್ಕಿಬೀಳುವ ಧೈರ್ಯ ಇರಲಿಲ್ಲ, ಅಷ್ಟೇ. 2000ದಲ್ಲಿ ನ್ಯೂಯಾರ್ಕ್ ಟೈಮ್ಸ್ ಇನ್ನೊಂದು ಕೆಲಸ ಮಾಡಿತು. ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ಈ ಸರಣಿ ಮೇಲಿನ ಜಾಗ ಬಿಟ್ಟು ಕದಲಲಿಲ್ಲ. ಆಗ ಮಕ್ಕಳ ಪುಸ್ತಕಗಳಿಗೆ ಅಂತಲೇ ಬೇರೆ ಪಟ್ಟಿ ಶುರುವಾಯಿತು. ಪಂಕ್ತಿಯಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದ ಹಾಗೆ!

ಮಕ್ಕಳ ಪುಸ್ತಕವಂತೆ. ಇದೇ ಐದನೇ ಪುಸ್ತಕದ ಟೀಚರ್ ಅಂಬ್ರಿಜ್ ಮೇಡಂ ಮಕ್ಕಳಿಗೆ ಎಷ್ಟು ಅರ್ಥವಾಗುತ್ತಾಳೆ? ಗುಲಾಬಿ ಬಟ್ಟೆ, ಗೋಡೆ ತುಂಬ ಬೆಕ್ಕಿನ ಮರಿಗಳ ತಟ್ಟೆ, ಸಣ್ಣ ಹುಡುಗಿಯಂಥ ದನಿ. ಅದೇ ದನಿಯಲ್ಲಿ ಹುಡುಗನ ಕೈಲಿ ಅವನ ರಕ್ತದಲ್ಲೇ 'ನಾನು ಸುಳ್ಳು ಹೇಳಬಾರದು' ಅಂತ ಬರೆಸುತ್ತಾಳೆ. ಅವನು ಹೇಳಿದ್ದು ನಿಜ, ಅದೇ ಅವನ ತಪ್ಪು. ಮಗುವಿಗೆ ಅವಳು ರಾಕ್ಷಸಿ. ಹತ್ತು ವರ್ಷ ಆಫೀಸಿನಲ್ಲಿ ದುಡಿದವರಿಗೆ ಅವಳು ಪರಿಚಯದವಳು. ಕಥೆಯ ದೊಡ್ಡ ಖಳನಿಗಿಂತ ನನಗೆ ಇವಳದೇ ಭಯ ಜಾಸ್ತಿ. ಅಂಥ ಖಳನನ್ನು ನಾನೆಂದೂ ಕಂಡಿಲ್ಲ. ಇಂಥವರ ಕೈಕೆಳಗೆ ಎರಡು ಸಲ ಕೆಲಸ ಮಾಡಿದ್ದೇನೆ.

ಭಾಷೆ ಸಾಧಾರಣ, ಎಳೆತ ಜಾಸ್ತಿ ಅಂತೀರಾ? ಒಪ್ಪಿದೆ. ಈ ಐದನೆಯದು ಇಂಗ್ಲೆಂಡಿನ ಮುದ್ರಣದಲ್ಲಿ 766 ಪುಟ. ನೂರು ಪುಟ ಕಿತ್ತು ಹಾಕಿದರೂ ಯಾರೂ ಅಳುವುದಿಲ್ಲ. ಆದರೆ ದೊಡ್ಡವರ ಗಂಭೀರ ಕಾದಂಬರಿಗಳಲ್ಲಿ ಎಳೆತ ಇಲ್ವಾ? ಅಲ್ಲಿ ಅದನ್ನು 'ಆಳ' ಅಂತ ಕರೆಯುತ್ತೇವೆ. ಇರಲಿ ಬಿಡಿ.

ಈ ಪುಸ್ತಕ 2003ರಲ್ಲಿ ಬಂದಾಗಲೇ ಓದಿದ್ದೆ. ಆಗ ಒಂದು ಪುಟವನ್ನು, ಮುಂದೆ ಏನಾಗುತ್ತೋ ಅನ್ನುವ ಆತುರದಲ್ಲಿ ದಾಟಿಬಿಟ್ಟೆ. ಆಸ್ಪತ್ರೆಯ ವಾರ್ಡಿನ ಪುಟ. ನೆವಿಲ್ ಅನ್ನುವ ಮೆತ್ತಗಿನ ಹುಡುಗನ ಅಪ್ಪ-ಅಮ್ಮ ಅಲ್ಲಿದ್ದಾರೆ. ದುಷ್ಟರು ಕೊಟ್ಟ ಹಿಂಸೆಗೆ ಬುದ್ಧಿ ಕಳೆದುಕೊಂಡವರು, ಮಗನ ಗುರುತೂ ಇಲ್ಲ. ಅಮ್ಮ ಮೆಲ್ಲಗೆ ನಡೆದು ಬಂದು ಅವನ ಕೈಗೆ ಏನೋ ಕೊಡುತ್ತಾಳೆ. ಬಬಲ್ ಗಮ್ಮಿನ ಖಾಲಿ ಕಾಗದ. ಇಂಥವು ಎಷ್ಟು ಕೊಟ್ಟಿದ್ದಾಳೋ, ಕಸದ ಬುಟ್ಟಿಗೆ ಹಾಕು ಅನ್ನುತ್ತಾಳೆ ಅಜ್ಜಿ. ಹುಡುಗ ಹಾಕುವುದಿಲ್ಲ. ಯಾರಿಗೂ ಕಾಣದ ಹಾಗೆ ಜೇಬಿಗೆ ಸೇರಿಸುತ್ತಾನೆ.

ಕೊನೆಯ ವರ್ಷ ನನ್ನ ಅಮ್ಮನಿಗೆ ನಾನು ಯಾರು ಅಂತ ತಿಳಿಯುತ್ತಿರಲಿಲ್ಲ. ಆದರೂ ನಾನು ಹೊರಡುವಾಗ ಕೈಗೆ ಏನಾದರೂ ತುರುಕುತ್ತಿದ್ದಳು. ಮಾತ್ರೆಯ ಖಾಲಿ ಪಟ್ಟಿ. ಕ್ಯಾಲೆಂಡರಿನಿಂದ ಹರಿದ, ನಾಲ್ಕು ಮಡಿಕೆಯ ಚೂರು.

ಇವತ್ತು ಆ ಪುಟ ಬಂದಾಗ ರೈಲು ಅಂತಲೂ ನೋಡದೆ ಕಣ್ಣೊರೆಸಿಕೊಂಡೆ. ಮಹಾಶಯರು ಕಂಡರೂ ಕಾಣದ ಹಾಗೆ ಕೂತಿದ್ದರು. ಆ ಮಟ್ಟಿಗೆ ಒಳ್ಳೆಯವರೇ.

ನನ್ನ ಸ್ಟೇಷನ್ ಬಂತು. ಓದುತ್ತಿದ್ದ ಪುಟಕ್ಕೆ ಗುರುತಾಗಿ ಕ್ಯಾಲೆಂಡರಿನ ಚೂರು ಇಟ್ಟು ಇಳಿದೆ.