ಏಳನೆಯ ತರಗತಿಯ ಹುಡುಗಿಯನ್ನು ಆರಕ್ಕೆ ತಳ್ಳಬೇಡಿ

ಇವತ್ತು ಮಧ್ಯಾಹ್ನ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತಿದ್ದ ನನ್ನ ತಂಗಿಯ ಮಗಳು ಉಣಕಲ್ ಕೆರೆ ಬರುವವರೆಗೂ ಒಂದು ಮಾತನ್ನೂ ಆಡಲಿಲ್ಲ. ಕೆರೆ ಕಂಡ ಮೇಲೆ, ನನ್ನ ಮುಖ ನೋಡದೆ, "ದೊಡ್ಡವ್ವಾ, ನಾ ಆರನೇತ್ತೆ ಪಾಸ್ ಆಗೇನಿ. ಮತ್ತ ಆರನೇತ್ತೇನ ಯಾಕ ಓದಬೇಕು?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವ ನನಗೆ ಆ ಪ್ರಶ್ನೆಗೆ ಕೊಡಲು ಉತ್ತರವಿರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕಾಗಿಯೇ ರಾತ್ರಿ ಊಟ ಮುಗಿಸಿ ಇದನ್ನು ಬರೆಯಲು ಕುಳಿತಿದ್ದೇನೆ.

ನಮ್ಮ ಮನೆಯ ಸಂಗತಿ ನಿಮಗೆಲ್ಲ ಗೊತ್ತಿದೆ. ಅಪ್ಪ ಸೈನ್ಯದಲ್ಲಿದ್ದರು, ಈಗ ತಂಗಿಯ ಗಂಡ ಸೈನ್ಯದಲ್ಲಿದ್ದಾರೆ. ಅವರಿಗೆ ಕಳೆದ ತಿಂಗಳು ಫೀಲ್ಡ್ ಪೋಸ್ಟಿಂಗ್ ಬಂತು, ಅಲ್ಲಿಗೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಆದ್ದರಿಂದ ತಂಗಿ ಪಠಾಣ್‌ಕೋಟಿನ ಕ್ವಾರ್ಟರ್ಸ್ ಖಾಲಿ ಮಾಡಿ, ಅವರ ಹೆಸರು ನಂಬರು ಬಿಳಿ ಬಣ್ಣದಲ್ಲಿ ಬರೆದಿರುವ ಆ ಕಪ್ಪು ಟ್ರಂಕುಗಳ ಸಮೇತ ಹುಬ್ಬಳ್ಳಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದಾಳೆ. ಮಗಳಿಗೆ ಹನ್ನೆರಡು ವರ್ಷ. ಸಿಕಂದರಾಬಾದ್, ಬಬೀನಾ, ಪಠಾಣ್‌ಕೋಟ್ ಎಂದು ಮೂರು ಊರುಗಳ ಮೂರು ಶಾಲೆ ಕಂಡು, ಏಪ್ರಿಲ್‌ನಲ್ಲಿಯೇ ಏಳನೆಯ ತರಗತಿ ಆರಂಭಿಸಿದ್ದ ಹುಡುಗಿ ಈಗ ನಾಲ್ಕನೆಯ ಶಾಲೆಯ ಬಾಗಿಲಲ್ಲಿ ನಿಂತಿದ್ದಾಳೆ.

ಶಾಲೆಯ ಹೆಸರು ಬರೆಯುವುದಿಲ್ಲ. ಕಚೇರಿಯಲ್ಲಿ ಮೊದಲು ಟಿ.ಸಿ. ಕೇಳಿದರು, ಹೊರರಾಜ್ಯದ ಟಿ.ಸಿ.ಯ ಮೇಲೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುರುಜು ಇಲ್ಲವೆಂದು ಆಕ್ಷೇಪ ತೆಗೆದರು, ಆಧಾರ್ ಕೇಳಿದರು, ಜಾತಿ ಪ್ರಮಾಣಪತ್ರ ಕೇಳಿದರು. ಎದುರಿಗೆ ಕುಳಿತಿದ್ದ ಹುಡುಗಿಯನ್ನು ಮಾತ್ರ ಯಾರೂ ಏನನ್ನೂ ಕೇಳಲಿಲ್ಲ. ಕೊನೆಗೆ ಒಬ್ಬ ಅಕ್ಕಾವ್ರು, ಅಂದರೆ ಶಿಕ್ಷಕಿ, ಬಂದು, ಒಂದು ಬಿಳಿ ಹಾಳೆ ಕೊಟ್ಟು, "ನಮ್ಮ ಊರಿನ ಕೆರೆ ಮಳೆಗಾಲದಲ್ಲಿ ತುಂಬುತ್ತದೆ" ಎಂಬ ವಾಕ್ಯವನ್ನು ಉಕ್ತಲೇಖನವಾಗಿ ಹೇಳಿದರು.

ಆ ಹಾಳೆಯನ್ನು ನಾನು ಕೇಳಿ ತಂದಿದ್ದೇನೆ, ಈಗ ನನ್ನ ಮುಂದೆಯೇ ಇದೆ. ಹುಡುಗಿ ಐದಕ್ಕೆ ಐದೂ ಪದ ಬರೆದಿದ್ದಾಳೆ, ಕನ್ನಡದ ಪದಗಳನ್ನೇ ಬರೆದಿದ್ದಾಳೆ, ಆದರೆ ದೇವನಾಗರಿ ಅಕ್ಷರಗಳಲ್ಲಿ ಬರೆದಿದ್ದಾಳೆ. 'ನಮ್ಮ' ಸರಿಯಾಗಿದೆ, ಅರ್ಧ ಮಕಾರ ಹಾಕಿ ಒತ್ತಕ್ಷರವನ್ನೂ ತೋರಿಸಿದ್ದಾಳೆ. 'ಕೆರೆ' ಎಂಬುದು 'ಕೇರೇ' ಆಗಿದೆ, ಏಕೆಂದರೆ ಹಿಂದಿಯ ವರ್ಣಮಾಲೆಯಲ್ಲಿ ನಮ್ಮ ಹ್ರಸ್ವ ಎಕಾರಕ್ಕೆ ಬೇರೆ ಅಕ್ಷರವಿಲ್ಲ. 'ಮಳೆಗಾಲ' ಎಂಬುದು 'ಮಲೇಗಾಲ' ಆಗಿದೆ, ಏಕೆಂದರೆ ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಅವಳಿಗೆ ಳಕಾರ ಸಿಕ್ಕೇ ಇಲ್ಲ. ತಾನು ಮನೆಯಲ್ಲಿ ಆಡುವ ಮಾತನ್ನು ತನಗೆ ಬರುವ ಅಕ್ಷರಗಳಲ್ಲಿ, ಯಾರೂ ಹೇಳಿಕೊಡದೆ, ಆ ಗಳಿಗೆಯಲ್ಲಿ ತಾನೇ ದಾರಿ ಹುಡುಕಿ ಬರೆದ ಮಗು ಇದು. ಅಕ್ಕಾವ್ರು ವಾಕ್ಯದ ಮೇಲೆ ಕೆಂಪು ಪೆನ್ನಿನಿಂದ ಅಡ್ಡ ಗೀಟು ಎಳೆದು, ಕೆಳಗೆ 'ಕನ್ನಡ: ಸೊನ್ನೆ' ಎಂದು ಬರೆದರು. ಮುಖ್ಯೋಪಾಧ್ಯಾಯರು ಹಾಳೆ ನೋಡಿ, "ಆರನೇತ್ತೆಗೆ ಹಾಕ್ರಿ, ಬೇಸ್ ಗಟ್ಟಿ ಆಗ್ತದ" ಎಂದರು.

ಬೇಸ್ ಎಂದರೆ ಏನು? ಗಣಿತದಲ್ಲಿ ಭಿನ್ನರಾಶಿ, ದಶಮಾಂಶ ಎಲ್ಲ ಮುಗಿಸಿ ಬೀಜಗಣಿತಕ್ಕೆ ಕಾಲಿಟ್ಟವಳು, ಇಂಗ್ಲಿಷ್, ಹಿಂದಿ ಎರಡನ್ನೂ ಸರಾಗವಾಗಿ ಓದುವವಳು, ಆರನೆಯ ತರಗತಿಯಲ್ಲಿ ಸಂಸ್ಕೃತವನ್ನೂ ಓದಿದವಳು. ಅವಳಿಗೆ ಕನ್ನಡ ಬರುತ್ತದೆ, ಕನ್ನಡದ ಲಿಪಿ ಬರುವುದಿಲ್ಲ, ಅಷ್ಟೇ. ಲಿಪಿ ಬಾರದಿದ್ದರೆ ಲಿಪಿ ಕಲಿಸಬೇಕೇ ಹೊರತು ಗಣಿತ, ವಿಜ್ಞಾನ, ಸಮಾಜಗಳನ್ನೆಲ್ಲ ಇನ್ನೊಂದು ವರ್ಷ ಓದಿಸುವುದು ಯಾವ ಕಾಯಿಲೆಗೆ ಯಾವ ಮದ್ದು? ದೇವನಾಗರಿ ಬಲ್ಲ ಮಗುವಿಗೆ ಕನ್ನಡ ಲಿಪಿ ಹೊಸ ಲೋಕವೇನೂ ಅಲ್ಲ. ಸ್ವರ, ವರ್ಗೀಯ ವ್ಯಂಜನ, ಅವರ್ಗೀಯ ವ್ಯಂಜನ ಎಂಬ ಅದೇ ಸಾಲು, ಕ ಖ ಗ ಘ ಙ ಎಂಬ ಅದೇ ಕ್ರಮ, ಗುಣಿತಾಕ್ಷರದ ಅದೇ ಲೆಕ್ಕ. ಹೊಸದಾಗಿ ಕಲಿಯಬೇಕಾದದ್ದು ಅಕ್ಷರದ ಆಕಾರ, ಎ ಮತ್ತು ಏ, ಒ ಮತ್ತು ಓ ಇವುಗಳ ಭೇದ, ಳಕಾರ, ಅಕ್ಷರದ ಕೆಳಗೆ ಬರುವ ಒತ್ತು, ಅರ್ಕಾವತ್ತು. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಕೆಲವೇ ವಾರಗಳಲ್ಲಿ ಇಂತಹ ಮಗು ಬಸ್ಸಿನ ಬೋರ್ಡು ಓದುತ್ತದೆ, ಅರ್ಧ ವರ್ಷದೊಳಗೆ ಪಾಠ ಓದುತ್ತದೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ, ಕಲಿಸಿ ಕಂಡು ಹೇಳುತ್ತಿದ್ದೇನೆ.

ಕಲಿಸದೆ ಕಂಡದ್ದೂ ಇದೆ, ಅದನ್ನು ಇಲ್ಲಿ ಬಚ್ಚಿಡುವುದು ಸರಿಯಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಡಿಸೆಂಬರ್ ತಿಂಗಳಲ್ಲಿ, ಒಬ್ಬ ಸೈನಿಕನ ಮಗ ಎಂಟನೆಯ ತರಗತಿಗೆ ಬಂದು ಸೇರಿದ. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಬೋರ್ಡಿನ ಮೇಲಿನದನ್ನು ನೋಡಿ ಬರೆದುಕೋ ಎಂದು ಹೇಳಿಬಿಟ್ಟೆ. ಅವನು ಬರೆದ. ರಂಗೋಲಿ ಬಿಡಿಸಿದಂತೆ ದುಂಡಗೆ, ಒಂದು ಕೊಂಬೂ ತಪ್ಪದಂತೆ, ಮೂರು ತಿಂಗಳು ಬರೆದ. ನಾನು ನೋಟ್‌ಬುಕ್ ನೋಡಿ 'ಚೆನ್ನಾಗಿದೆ' ಎಂದು ಸಹಿ ಹಾಕುತ್ತಾ ಹೋದೆ. ವಾರ್ಷಿಕ ಪರೀಕ್ಷೆಯಲ್ಲಿ ಅವನ ಉತ್ತರಪತ್ರಿಕೆ ತೆರೆದರೆ, ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಅಂಕಗಳ ಸಮೇತ, ಅಷ್ಟೇ ಅಂದವಾಗಿ ನಕಲು ಮಾಡಿಟ್ಟಿದ್ದ. ಅವನಿಗೆ ಒಂದು ಅಕ್ಷರದ ಉಚ್ಚಾರವೂ ತಿಳಿದಿರಲಿಲ್ಲ. ಸೈನಿಕನ ಮಗಳಾಗಿ, ಇಂತಹದೇ ಹಿಂದಿನ ಬೆಂಚುಗಳಲ್ಲಿ ಕುಳಿತು ಬೆಳೆದಿದ್ದ ನಾನೇ ಇದನ್ನು ಮಾಡಿದೆ. ಬೇಸಿಗೆ ರಜೆಯಲ್ಲಿ ಆ ಕುಟುಂಬ ಊರು ಬಿಟ್ಟಿತು, ತಿದ್ದಿಕೊಳ್ಳಲು ಅವನು ನನಗೆ ಮತ್ತೆ ಸಿಗಲಿಲ್ಲ. ಇವತ್ತು ಆ ಕೆಂಪು ಗೀಟು ಕಂಡಾಗ ಮೈ ಉರಿದದ್ದರಲ್ಲಿ ಆ ಹಳೆಯ ತಪ್ಪಿನ ಪಾಲೂ ಇದೆ.

ಈ ಮಕ್ಕಳ ಕಷ್ಟ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ವರ್ಗಾವಣೆಯ ನೌಕರಿಯಲ್ಲಿರುವ ಕೇಂದ್ರ ನೌಕರರ, ಅದರಲ್ಲೂ ಸೈನಿಕರ ಮಕ್ಕಳ ಓದು ಊರೂರಿಗೆ ಕೆಡಬಾರದೆಂದೇ 1962ರಲ್ಲಿ ಸೆಂಟ್ರಲ್ ಸ್ಕೂಲ್ ಯೋಜನೆಗೆ ಒಪ್ಪಿಗೆ ಸಿಕ್ಕಿತು, ಮರುವರ್ಷ ಇಪ್ಪತ್ತು ರೆಜಿಮೆಂಟಲ್ ಶಾಲೆಗಳನ್ನು ತೆಗೆದುಕೊಂಡು ಅದು ಆರಂಭವಾಯಿತು. ಇಂದಿನ ಕೇಂದ್ರೀಯ ವಿದ್ಯಾಲಯಗಳ ಮೂಲ ಅದೇ. ಹಾಗಾದರೆ ಹುಡುಗಿಯನ್ನು ಅಲ್ಲಿಗೇ ಸೇರಿಸಬಾರದೇ, ಹುಬ್ಬಳ್ಳಿಯಲ್ಲೂ ಇದೆ, ಧಾರವಾಡದಲ್ಲೂ ಇದೆಯಲ್ಲ, ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಸಿಪಾಯಿಯಾಗಿ ಸೇರಿದ ಅನೇಕರು ನಲವತ್ತು ದಾಟುವ ಮೊದಲೇ ಪೆನ್ಶನ್ ಪಡೆದು ಊರಿಗೆ ಬರುತ್ತಾರೆ, ಆಗ ಮಕ್ಕಳು ಎಂಟು, ಒಂಬತ್ತು, ಹತ್ತನೆಯ ತರಗತಿಯ ಹೊಸ್ತಿಲಲ್ಲಿರುತ್ತಾರೆ. ತಂಗಿಯ ಗಂಡ ಇನ್ನೆರಡು ವರ್ಷಕ್ಕೆ ನಿವೃತ್ತರಾಗುತ್ತಾರೆ, ಆಮೇಲೆ ಅವರು ನೆಲೆಸುವುದು ರೋಣದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಅವಳಿಗೆ ಸಿಗುವುದು ರಾಜ್ಯ ಪಠ್ಯಕ್ರಮದ ಹೈಸ್ಕೂಲು, ಎಸ್‌ಎಸ್‌ಎಲ್‌ಸಿಯ ಅಂಕಗಳಲ್ಲಿ ಪ್ರಥಮ ಭಾಷೆಯದೇ ದೊಡ್ಡ ಪಾಲು. ಆ ಹೊತ್ತಿಗೆ ಲಿಪಿ ಕಲಿಯಲು ಕೂರುವುದಕ್ಕಿಂತ ಈಗಲೇ ಕಲಿಯಲಿ, ಅಜ್ಜಿಯ ಭಾಷೆಯಲ್ಲಿ ಓದು ಬರಹ ಬರಲಿ ಎಂಬುದು ತಂಗಿಯ ಆಸೆ. ಕನ್ನಡ ಕಲಿಯಲೆಂದೇ ಬಂದ ಮಗುವಿಗೆ ಕನ್ನಡ ಬರುವುದಿಲ್ಲವೆಂದು ಶಿಕ್ಷೆ ಕೊಟ್ಟರು ಎಂಬುದೇ ನನ್ನ ಸಂಕಟ.

ಕಾಯ್ದೆಯೂ ಇದನ್ನು ಒಪ್ಪುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷೆಗೆ ಒಡ್ಡುವುದನ್ನು ನಿಷೇಧಿಸುತ್ತದೆ, ಮೀರಿದರೆ ಮೊದಲ ಸಲಕ್ಕೆ 25,000 ರೂಪಾಯಿಯವರೆಗೆ ದಂಡವಿದೆ. ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸಲಾಗದು ಎಂದು 5ನೆಯ ಸೆಕ್ಷನ್ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಸ್ಪಷ್ಟವಾಗಿ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು 4ನೆಯ ಸೆಕ್ಷನ್. ಶಾಲೆಯ ಮುಖವನ್ನೇ ಕಾಣದ ಮಗು ಬಂದರೂ ಅದನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಸಹಪಾಠಿಗಳ ಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ ಅದು. ಶಾಲೆಯನ್ನೇ ಕಾಣದ ಮಗುವಿಗೆ ಇರುವ ಈ ಕಾಳಜಿ, ಆರು ತರಗತಿಗಳನ್ನು ಪಾಸು ಮಾಡಿ ಬಂದ ಸೈನಿಕನ ಮಗಳಿಗೆ ಏಕೆ ಇಲ್ಲ?

ನನ್ನ ಸಹೋದ್ಯೋಗಿಯೊಬ್ಬರು ಸಂಜೆ ಫೋನಿನಲ್ಲಿ, ಒಂದು ತರಗತಿಯಲ್ಲಿ ಐವತ್ತು ಮಕ್ಕಳಿರುವಾಗ ಒಂದು ಮಗುವಿಗಾಗಿ ಶಿಕ್ಷಕರು ಎಲ್ಲಿಂದ ಸಮಯ ತರಬೇಕು, ಮಕ್ಕಳು ತಾವಾಗಿಯೇ ಹೊಂದಿಕೊಳ್ಳುತ್ತವೆ, ಬ್ಯಾಂಕಿನವರ ಮಕ್ಕಳೂ ಊರೂರು ತಿರುಗುವುದಿಲ್ಲವೇ ಎಂದರು. ಸಮಯದ ಮಾತನ್ನು ಅರ್ಧ ಒಪ್ಪುತ್ತೇನೆ, ನಾನೂ ಆ ತರಗತಿಯಲ್ಲೇ ನಿಲ್ಲುವವಳು. ಉಳಿದದ್ದನ್ನು ಒಪ್ಪಲಾರೆ. ಬ್ಯಾಂಕಿನವರ ಮಗು ಸಾಮಾನ್ಯವಾಗಿ ಅಪ್ಪನೊಡನೆ ಹೊಸ ಊರಿಗೆ ಹೋಗುತ್ತದೆ. ಫೀಲ್ಡ್ ಪೋಸ್ಟಿಂಗ್ ಬಂದ ಸೈನಿಕನ ಮಗು ಅಪ್ಪನನ್ನು ಬಿಟ್ಟು ಹೊಸ ಊರಿಗೆ ಬರುತ್ತದೆ. ಗೆಳತಿಯರು, ಗುರುತಿನ ಬೀದಿ, ಶಾಲೆಯ ಭಾಷೆ, ಅಪ್ಪ, ಎಲ್ಲವೂ ಒಂದೇ ವಾರದಲ್ಲಿ ಕೈ ತಪ್ಪುತ್ತವೆ. ನಮ್ಮ ಹುಡುಗಿ ರಾತ್ರಿ ತಾಯಿಯ ಫೋನನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಾಳೆ, ಅಲ್ಲಿ ಸಿಗ್ನಲ್ ಸಿಕ್ಕ ಹೊತ್ತಿಗೆ ಅಪ್ಪ ಕರೆ ಮಾಡಿದರೆ ತಪ್ಪಿಹೋಗಬಾರದೆಂದು. ಮೂರು ಸಲ ಹೊಂದಿಕೊಂಡ ಮಗು ನಾಲ್ಕನೆಯ ಸಲವೂ ಹೊಂದಿಕೊಳ್ಳಬಹುದು, ಆದರೆ ಪ್ರತಿ ಸಲವೂ ಅದು ಏನನ್ನು ನುಂಗಿಕೊಂಡು ಹೊಂದಿಕೊಂಡಿತು ಎಂಬುದನ್ನು ನಾವು ಕೇಳುವುದಿಲ್ಲ.

ಅಪ್ಪನ ವರ್ಗಾವಣೆಗಳಲ್ಲಿ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ, ಉಪಯೋಗವಾದವರಿಗೆ ಆಗಲಿ. ಪೋಸ್ಟಿಂಗ್ ಸುದ್ದಿಯನ್ನು ಮಕ್ಕಳಿಂದ ಮುಚ್ಚಿಡಬೇಡಿ. ಟ್ರಂಕು ಹೊರಬಂದ ದಿನವೇ ನಮಗೆ ತಿಳಿಯುತ್ತಿತ್ತು, ಹೇಳದೆ ಇದ್ದದ್ದರಿಂದ ಭಯ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಬಿಟ್ಟುಹೋಗುವ ಶಾಲೆಗೆ ಕೊನೆಯ ದಿನ ಕಳುಹಿಸಿ, ಗೆಳೆಯರಿಗೆ ಹೋಗಿ ಬರುತ್ತೇನೆಂದು ಹೇಳಲು ಬಿಡಿ. ಟ್ರಂಕಿನಲ್ಲಿ ಒಂದು ಮೂಲೆ ಮಗುವಿನದೇ ಆಗಿರಲಿ, ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಡಿ, ಹೊಸ ಶಾಲೆಯ ಶಿಕ್ಷಕರಿಗೆ ಮಗು ಎಲ್ಲಿಯವರೆಗೆ ಓದಿದೆ ಎಂಬುದನ್ನು ಅಂಕಪಟ್ಟಿಗಿಂತ ಅವೇ ಸರಿಯಾಗಿ ತಿಳಿಸುತ್ತವೆ. ಊರು ಯಾವುದಾದರೂ ಮನೆಯಲ್ಲಿ ಕನ್ನಡ ಲಿಪಿ ಮರೆಯಾಗದಿರಲಿ. ನನ್ನ ತಾಯಿ ಪ್ರತಿ ಭಾನುವಾರ ಅಜ್ಜಿಗೆ ಬರೆಯುವ ಪತ್ರದ ಕೊನೆಗೆ ನಾಲ್ಕು ಸಾಲು ಜಾಗ ಬಿಟ್ಟು ಅದನ್ನು ನನ್ನಿಂದಲೇ ತುಂಬಿಸುತ್ತಿದ್ದಳು, ನಾನು ಕನ್ನಡದ ಶಿಕ್ಷಕಿಯಾದದ್ದು ಆ ನಾಲ್ಕು ಸಾಲಿನಿಂದ.

ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು. ಮೊದಲ ವಾರ ಊಟದ ಬಿಡುವಿನಲ್ಲಿ ಜೊತೆಗೆ ಕೂರಲು ಒಬ್ಬ ಗೆಳತಿಯನ್ನು ಗೊತ್ತುಮಾಡಿ. ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂದು ಯಾರನ್ನು ಕೇಳಬೇಕೆಂದು ತಿಳಿಯದೆ ನಾನು ಒಂದು ಇಡೀ ದಿನ ತಡೆದುಕೊಂಡು ಕುಳಿತದ್ದು ಇಂದಿಗೂ ನೆನಪಿದೆ. ಮೊದಲ ಹದಿನೈದು ದಿನ ಅಂಕ ಹಾಕಬೇಡಿ. ಗಡಿಯಲ್ಲಿ ಏನಾದರೂ ಆದ ದಿನ, ತುಂಬಿದ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ "ನಿಮ್ಮಪ್ಪ ಎಲ್ಲಿದ್ದಾರೆ" ಎಂದು ಕೇಳಬೇಡಿ.

2016ರ ಫೆಬ್ರವರಿಯಲ್ಲಿ, ಸಿಯಾಚಿನ್ ಹಿಮದ ಅಡಿಯಲ್ಲಿ ಆರು ದಿನ ಜೀವ ಹಿಡಿದುಕೊಂಡಿದ್ದು ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಇಲ್ಲೇ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಅವರನ್ನು ಕಳುಹಿಸಿಕೊಡಲು ಈ ಭಾಗದ ಜನ ಹೇಗೆ ನೆರೆದಿದ್ದರು, ಹೇಗೆ ಅತ್ತಿದ್ದರು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಆ ದುಃಖ ನಿಜವಾಗಿತ್ತು. ಅದೇ ಜನ ನಾವು. ಬದುಕಿರುವ ಸೈನಿಕನ ಮಗಳಿಗೆ ಅವಳದೇ ತರಗತಿಯಲ್ಲಿ ಒಂದು ಜಾಗ ಕೊಡುವುದು ನಮ್ಮಿಂದ ಆಗದ ಕೆಲಸವೇ?

ಸೋಮವಾರ ಬೆಳಗ್ಗೆ ತಂಗಿಯ ಮನೆಗೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೇವೆ. ಕಾಯ್ದೆಯ ಪುಟಗಳ ಪ್ರತಿ ತೆಗೆಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಅವುಗಳ ಜೊತೆ ಈ ಹಾಳೆಯೂ ಇದೆ. ಸಂಜೆ ಹುಡುಗಿ ಕೆಂಪು ಗೀಟಿನ ಕೆಳಗೆ ಉಳಿದಿದ್ದ ಜಾಗದಲ್ಲಿ 'ಕೆರೆ' ಎಂದು ಕನ್ನಡದಲ್ಲಿ ಏಳು ಸಲ ಬರೆದಿದ್ದಾಳೆ, ಮೊದಲ ಮೂರರಲ್ಲಿ ದೀರ್ಘ ಬಂದಿದೆ, ಉಳಿದ ನಾಲ್ಕು ಸರಿಯಾಗಿವೆ. ಮುಂದಿನ ಭಾನುವಾರದಿಂದ ಬೆಳಗ್ಗೆ ಹತ್ತು ಗಂಟೆಗೆ ಧಾರವಾಡದ ನಮ್ಮ ಮನೆಯಲ್ಲಿ ಅವಳಿಗೆ ಲಿಪಿ ಕಲಿಸುತ್ತೇನೆ. ಹುಬ್ಬಳ್ಳಿ, ಧಾರವಾಡ, ಗದಗ ಸುತ್ತಮುತ್ತ ಹೀಗೆಯೇ ಹೊರಗಿನಿಂದ ಬಂದ ಸೈನಿಕರ ಮಕ್ಕಳಿದ್ದರೆ ಕಳುಹಿಸಿಕೊಡಿ, ಹಣ ಬೇಡ. ಒಂದು ನಾಲ್ಕು ಗೆರೆಯ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ತಂದರೆ ಸಾಕು. ಮನೆ ಗೊತ್ತಿಲ್ಲದವರು ನನಗೆ ಸಂದೇಶ ಕಳುಹಿಸಿ.