ಒಂದು ಬೆಡ್‌ಶೀಟಿನ ಹಿಂಬಡ್ತಿ

ನಮ್ಮ ಮನೆಯ ಹೂವಿನ ಬೆಡ್‌ಶೀಟನ್ನು ಬೆಳಕಿಗೆ ಹಿಡಿದರೆ ನಡುಭಾಗದ ಮೂಲಕ ಆಚೆಯ ಕಿಟಕಿ ಕಾಣುತ್ತಿತ್ತು. ಎರಡು ಪಕ್ಕದ ಅಂಚುಗಳು ಮಾತ್ರ ಹೊಸದರಷ್ಟೇ ಗಟ್ಟಿ. ಇದಕ್ಕೆ ನಿವೃತ್ತಿ ಕೊಟ್ಟು ಹೊಸದು ತರೋಣ ಅಂದಳು ಹೆಂಡತಿ. ನಾನು ಆಗಷ್ಟೇ ಉಳಿತಾಯದ ಪಣ ತೊಟ್ಟಿದ್ದೆ. ಮೂಲೆಯಲ್ಲಿ ಅಮ್ಮನ ಕಾಲ್ತುಳಿತದ ಹೊಲಿಗೆ ಯಂತ್ರ ಬೇರೆ ಧೂಳು ತಿನ್ನುತ್ತಿತ್ತು.

"ನಟ್ಟನಡುವೆ ಉದ್ದಕ್ಕೆ ಸೀಳಿ ಎರಡು ಭಾಗ ಮಾಡಿ, ಪಕ್ಕದ ಅಂಚುಗಳನ್ನ ನಡುವಿಗೆ ತಂದು ಜೋಡಿಸಿದ್ರೆ ಇನ್ನೆರಡು ವರ್ಷ ಬರುತ್ತೆ ಕಣೋ," ಅಂದಳು ಅಮ್ಮ. ಮೊಣಕಾಲು ನೋವಿನಿಂದ ಅವಳು ಪೆಡಲ್ ತುಳಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಾಯಿಗೇನೂ ನೋವಿರಲಿಲ್ಲ.

ಸೀಳುವುದು ಸುಲಭ, ಸೀಳಿದೆ. ಆಮೇಲೆ ಕಾಲು ಪೆಡಲಿನ ಮೇಲಿಟ್ಟಾಗ ಗೊತ್ತಾದದ್ದು, ಈ ಯಂತ್ರ ಹಿಂದಕ್ಕೂ ಓಡುತ್ತದೆ ಅಂತ. ಕೈಚಕ್ರವನ್ನು ನಮ್ಮ ಕಡೆಗೆ ತಿರುಗಿಸಿ, ಆ ಓಟ ಹಿಡಿದು ಕಾಲು ಆಡಿಸಬೇಕು. ನಾನು ಮೊದಲು ಕಾಲು ಆಡಿಸಿದೆ. ಚಕ್ರ ಆ ಕಡೆ ಹೊರಳಿತು, ದಾರ ಪಟ್ಟಂತ ಹರಿಯಿತು. ಮತ್ತೆ ಪೋಣಿಸಿದೆ, ಮತ್ತೆ ಹರಿಯಿತು. ಹೊಲಿದದ್ದಕ್ಕಿಂತ ಪೋಣಿಸಿದ್ದೇ ಹೆಚ್ಚು.

ಕೊನೆಗೆ ಓಟ ಸಿಕ್ಕಿತು. ಒಂದು ಗೇಣು ಹೊಲಿಗೆ ನೇರವಾಗಿ ಬಂತು. ಅಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಬಟ್ಟೆ ಮುಂದಕ್ಕೆ ಹೋಗಲೊಲ್ಲದು, ಎತ್ತಿದರೆ ಬರಲೊಲ್ಲದು. ಬಗ್ಗಿ ನೋಡಿದರೆ ಅಡಿಯಲ್ಲಿ ಗುಬ್ಬಚ್ಚಿ ಸಂಸಾರ ಹೂಡುವಷ್ಟು ದೊಡ್ಡ ದಾರದ ಗೂಡು! ಗಂಟು ಕೆಳಗಿದೆ, ಅಂದಮೇಲೆ ತಪ್ಪು ಕೆಳದಾರದ ಪುಟ್ಟ ಉರುಳೆ ಬಾಬಿನ್ನಿನದೇ ಎಂದು ತೀರ್ಮಾನಿಸಿದೆ. ಬಾಬಿನ್ ಕೇಸು ಬಿಚ್ಚಿ ಊದಿದೆ. ಬಾಬಿನ್ನಿಗೆ ಹೊಸದಾಗಿ ದಾರ ಸುತ್ತಿದೆ. ಎಣ್ಣೆ ಬಿಟ್ಟೆ, ಅದರಲ್ಲಿ ಒಂದು ಪಾಲು ಯಂತ್ರಕ್ಕೆ, ಮೂರು ಪಾಲು ಬೆಡ್‌ಶೀಟಿನ ಹೂಗಳಿಗೆ ಸಂದಿತು. ಮತ್ತೆ ಹೊಲಿದರೆ ಮತ್ತೆ ಗೂಡು.

"ದಾರ ಪೋಣಿಸುವಾಗ ಪಾದ ಎತ್ತಿದ್ಯಾ?" ಅಂದಳು ಅಮ್ಮ.

ನಾನು ಪೆಡಲಿನಿಂದ ಪಾದ ಎತ್ತಿ ತೋರಿಸಿದೆ.

"ನಿಂದಲ್ಲವೋ, ಯಂತ್ರದ್ದು!"

ಬಟ್ಟೆಯನ್ನು ಅದುಮಿ ಹಿಡಿಯುವ ಆ ಪುಟ್ಟ ಪಾದ ಕೆಳಗಿದ್ದರೆ, ಮೇಲೆ ದಾರಕ್ಕೆ ಬಿಗಿ ಕೊಡುವ ಎರಡು ಬಿಲ್ಲೆಗಳು ಕಚ್ಚಿಕೊಂಡಿರುತ್ತವಂತೆ. ದಾರ ಅವುಗಳ ನಡುವೆ ಕೂರುವುದಿಲ್ಲ. ಬಿಗಿ ತಪ್ಪಿದ ಮೇಲ್ದಾರ ಸಡಿಲವಾಗಿ ಕೆಳಗಿಳಿದು ಅಲ್ಲಿ ಗೂಡು ಕಟ್ಟುತ್ತದೆ. ಮೇಲಿನವರ ತಪ್ಪಿಗೆ ಕೆಳಗಿನವರ ವಿಚಾರಣೆ! ಇಷ್ಟು ವರ್ಷ ಕಚೇರಿಯಲ್ಲಿ ಇದನ್ನೇ ನೋಡಿಕೊಂಡು ಬಂದ ನನಗೆ ಮೊದಲೇ ಹೊಳೆಯಬೇಕಿತ್ತು.

ಪಾದ ಎತ್ತಿ ಪೋಣಿಸಿದೆ, ಸರಸರ ಹೊಲಿಗೆ ಬಿತ್ತು. ಹಾಸಿಗೆಯ ಮೇಲೆ ಹರಡಿ ನೋಡಿದರೆ ಒಂದು ಅರ್ಧದ ಹೂಗಳು ತಲೆ ಎತ್ತಿದ್ದವು, ಇನ್ನೊಂದು ಅರ್ಧದವು ಶೀರ್ಷಾಸನ ಹಾಕಿದ್ದವು. ಎರಡು ಭಾಗಗಳ ಜಾಗ ಅದಲುಬದಲು ಮಾಡುವ ಬದಲು ಒಂದನ್ನಷ್ಟೇ ತಿರುಗಿಸಿಬಿಟ್ಟಿದ್ದೆ. ಹೀಗಾಗಿ ಗಟ್ಟಿ ಅಂಚು ಹೋಗಿ ಗಟ್ಟಿ ಅಂಚಿಗೆ ಸೇರದೆ, ಸವೆದ ಅಂಚಿನ ಕೈ ಹಿಡಿದಿತ್ತು. ಇಂಥ ಬಟ್ಟೆಯ ಮೇಲೆ ಹೊಲಿಗೆ ಒತ್ತೊತ್ತಾಗಿ ಬಿದ್ದರೆ ಏನಾಗುತ್ತದೆ ಗೊತ್ತೆ? ಅಂಚೆಚೀಟಿಗಳ ನಡುವೆ ಹರಿಯಲು ಅನುಕೂಲವಾಗಲೆಂದು ತೂತು ಕೊರೆದಿರುತ್ತಾರಲ್ಲ, ಹಾಗಾಗುತ್ತದೆ. ರಾತ್ರಿ ನಾನು ಮಗ್ಗುಲು ಬದಲಿಸಿದೆ. ಪರ್ರ್!

"ಹೋಗ್ಲಿ ಬಿಡಿ, ಅವರವರ ಪಾಲು ಅವರವರಿಗೆ," ಅಂದಳು ಹೆಂಡತಿ, ಗಟ್ಟಿ ಇದ್ದ ಭಾಗವನ್ನು ತನ್ನತ್ತ ಎಳೆದುಕೊಂಡು.

ಬೆಡ್‌ಶೀಟನ್ನು ದಿಂಬಿನ ಕವರಿನ ಹುದ್ದೆಗೆ ಇಳಿಸಲಾಯಿತು. ದಿಂಬು 18 ಇಂಚು ಅಗಲ, 27 ಇಂಚು ಉದ್ದ. ನಾನೂ ಕರಾರುವಾಕ್ಕಾಗಿ 18ಕ್ಕೆ 27ರ ಎರಡು ತುಂಡು ಕತ್ತರಿಸಿದೆ. ಹೊಲಿಗೆಗೂ ಸ್ವಲ್ಪ ಬಟ್ಟೆ ಬಿಡಬೇಕು ಎನ್ನುವುದು ಹೊಳೆಯಲೇ ಇಲ್ಲ. ದಿಂಬಿಗೊಂದು ದಪ್ಪ ಇದೆ ಎನ್ನುವುದೂ ಮರೆತೇಹೋಗಿತ್ತು. ಸಾಲದ್ದಕ್ಕೆ ಮೂರು ಕಡೆಯ ಹೊಲಿಗೆಯೂ ಹೊರಮೈಗೇ ಬಿದ್ದಿತ್ತು. ಅಮ್ಮ ಕನ್ನಡಕ ಏರಿಸುವಷ್ಟರಲ್ಲಿ ನಾನೇ ಹೇಳಿದೆ: "ಬೇಕಂತಲೇ ಹಾಕಿದ್ದು. ಫ್ರೆಂಚ್ ಸೀಮ್." ಅದು ಪೂರ್ತಿ ಸುಳ್ಳಲ್ಲ. ಮೊದಲು ಹೊರಮೈಯಲ್ಲಿ ಹೊಲಿದು, ಅಂಚು ಕತ್ತರಿಸಿ, ತಿರುವಿ ಒಳಗಿನಿಂದ ಇನ್ನೊಂದು ಹೊಲಿಗೆ ಹಾಕಿದರೆ ಎಳೆ ಬಿಡುವ ಅಂಚು ಪೂರಾ ಮುಚ್ಚಿಹೋಗುತ್ತದೆ. ಹಾಗೆ ಮಾಡಿಯೂ ಮಾಡಿದೆ. ಮಾನ ಉಳಿಯಿತು, ಕವರು ಮಾತ್ರ ಇನ್ನಷ್ಟು ಕುಗ್ಗಿತು. ನಾನು ಮಂಡಿಯೂರಿ ದಿಂಬು ತುರುಕಿದೆ, ಮಗಳು ಆ ಕಡೆಯಿಂದ ಎಳೆದಳು. ಒಳಗೆ ಹೋದ ದಿಂಬು ಕಲ್ಲಾಯಿತು. ಅದರ ಮೇಲೆ ತಲೆಯಿಟ್ಟರೆ ತಲೆಯೇ ತಗ್ಗಬೇಕು.

ಹೊಲಿಗೆ ಯಂತ್ರಕ್ಕೆ 1830ರಲ್ಲೇ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದವನು ಬಾರ್ತೆಲೆಮಿ ತಿಮೊನಿಯೆ ಎಂಬ ದರ್ಜಿ. ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಹೆದರಿದ ದರ್ಜಿಗಳು ಪ್ಯಾರಿಸ್ಸಿನ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಪುಡಿ ಮಾಡಿದರು. ನಾನು ಹೊಲಿಯುವುದನ್ನು ಐದು ನಿಮಿಷ ನೋಡಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗುತ್ತಿದ್ದರು.

ಎರಡನೇ ಕವರಿಗೆ ಬುದ್ಧಿ ಬಂತು. ಒಂದೇ ಉದ್ದ ಪಟ್ಟಿ ಸಾಕು: ಹಿಂದು ಮುಂದಿಗೆ 54 ಇಂಚು, ಎರಡು ತುದಿ ಒಂದರ ಮೇಲೊಂದು ಕೂರಲು 6, ಆ ತುದಿಗಳನ್ನು ಮಡಚಲು 2. ಅಗಲಕ್ಕೆ 20, ಅದರಲ್ಲಿ ಹೊಲಿಗೆಯದೂ ದಿಂಬಿನ ದಪ್ಪದ್ದೂ ಸೇರಿತು. ಜಿಪ್ಪೂ ಬೇಡ, ಗುಂಡಿಯೂ ಬೇಡ. ಈ ಲೆಕ್ಕ ಖಂಡಿತ ಸರಿ, ಬೇಕಾದವರು ಬರೆದುಕೊಳ್ಳಬಹುದು. ನನ್ನಲ್ಲಿ ಅಷ್ಟುದ್ದದ ಗಟ್ಟಿ ಬಟ್ಟೆ ಉಳಿದಿರಲಿಲ್ಲ, ಅಷ್ಟೆ.

ಉಳಿದದ್ದು ಕೈಚೀಲವಾಯಿತು. ಚೀಲವೇನೋ ಚೆನ್ನಾಗಿತ್ತು, ಹಿಡಿಕೆಗಳ ತುದಿಗೆ ಒಂದೊಂದೇ ಗೆರೆ ಹೊಲಿಗೆ ಹಾಕಿದ್ದೆ. ಅಲ್ಲಿ ಚೌಕ ಹೊಲಿದು ಒಳಗೆ ಅಡ್ಡಡ್ಡ ಗುಣಿಸು ಗುರುತು ಹಾಕಬೇಕು ಎಂದು ಅಮ್ಮ ಹೇಳಿದ್ದು ಚೀಲ ನಡುರಸ್ತೆಯಲ್ಲಿ ಕಳಚಿ ಬಿದ್ದ ಮೇಲೆ.

ಈ ನಡುವೆ ಉಳಿತಾಯಕ್ಕೆಂದು ನಾನು ತಂದ ಸಾಮಾನು: ಬಟ್ಟೆಯ ಕತ್ತರಿ, ಟೇಪು, ಸೀಮೆಸುಣ್ಣದ ಬಿಲ್ಲೆ, ಸೂಜಿಗಳ ಪೊಟ್ಟಣ, ಹೊಲಿಗೆ ಬಿಚ್ಚುವ ಕೊಕ್ಕೆ (ಬಿಡುವಿಲ್ಲದೆ ದುಡಿದದ್ದು ಅದೊಂದೇ) ಮತ್ತು ಐವತ್ತು ಗುಂಡುಪಿನ್ನು. ಹೆಂಡತಿ ಕೂಡಿಸಿ ನೋಡಿ, ಇಷ್ಟರಲ್ಲಿ ಎರಡು ಹೊಸ ಬೆಡ್‌ಶೀಟು ಬರುತ್ತಿತ್ತು ಅಂದಳು. ಮೂಗಿಗಿಂತ ಮೂಗುತಿ ಭಾರ ಅಂತ ಬಾಯಿಬಿಟ್ಟು ಹೇಳಲಿಲ್ಲ, ಕಣ್ಣಲ್ಲೇ ಹೇಳಿದಳು. ಪಿನ್ನುಗಳನ್ನು ಎಣಿಸಿದಾಗ ನಲವತ್ತೊಂಬತ್ತೇ ಇದ್ದವು. ಐವತ್ತನೆಯದು ಮರುದಿನ ಬೆಳಿಗ್ಗೆ ನನ್ನ ಹಿಮ್ಮಡಿಗೆ ಸಿಕ್ಕಿತು.

ಈಗ ಆ ಬೆಡ್‌ಶೀಟು ಅಂಗೈ ಅಗಲದ ತುಂಡಾಗಿ ಯಂತ್ರದ ಎಣ್ಣೆ ಒರೆಸುವ ಕೆಲಸದಲ್ಲಿದೆ. ಒಂದೇ ಒಂದು ಹೂವು ಉಳಿದಿದೆ. ಮೊನ್ನೆ ಒರೆಸುವಾಗ ಅದರ ಎಳೆಯೊಂದು ಬಿಚ್ಚಿಕೊಂಡು ಬಾಬಿನ್ನಿನ ಕೆಳಗೆ ಸಿಕ್ಕಿಬಿತ್ತು. ನಾನು ನೆಲದ ಮೇಲೆ ಕೂತು ಚಿಮಟದಿಂದ ಎಳೆಯುತ್ತಿದ್ದೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು.

"ಅದರ ಅಂಚನ್ನಾದ್ರೂ ಮಡಚಿ ಹೊಲಿಯೋ," ಅಂದಳು.