ಸಹಿಗಿಂತ ಮೊದಲು ಕಬ್ಬಿಣ ನೋಡಿ

ಜಪಾನೀ ಖಡ್ಗದ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆಯಾದ ತ್ಸುಬಾದ ಮೇಲಿನ ಸಹಿ ಓದಿದರೆ ಅದನ್ನು ಮಾಡಿದವರು ಯಾರೆಂದು ತಿಳಿದಂತೆಯೇ ಎಂಬ, ಈ ವಿಷಯದ ಲೇಖನವೊಂದರ ಲೇಖಕರ ಮಾತನ್ನು ಖಂಡಿತ ಒಪ್ಪಲಾರೆ. ಜಪಾನಿನ ಹಿಕೋನೆ ಊರಿನ ತ್ಸುಬಾ ಕುಶಲಕರ್ಮಿ ಸೋತೆನ್ ಹೆಸರನ್ನೇ ತೆಗೆದುಕೊಳ್ಳಿ. ಯೋಧರ ದೃಶ್ಯಗಳನ್ನು ಉಬ್ಬಾಗಿ ಕೆತ್ತಿ ಚಿನ್ನ ಕೂರಿಸುವ ಆ ಶೈಲಿಗೆ ಬೇಡಿಕೆ ಬಂದದ್ದೇ ತಡ, ಬೇರೆಯವರೂ ಅದೇ ಸಹಿ ಕೊರೆದು ಮಾರಿದರು. ನೊಬುಇಎ, ಕನೆಇಎ ಎಂಬ ಇತರ ಹೆಸರಾಂತ ಕುಶಲಕರ್ಮಿಗಳ ಹೆಸರಿನಲ್ಲೂ ನಕಲಿಗಳು ಧಾರಾಳ. ಇನ್ನು ಜಪಾನಿನ ಓವಾರಿ ಪ್ರಾಂತ್ಯದ ಹಳೆಯ ಜಾಲರಿ ಕೆತ್ತನೆಯ ತ್ಸುಬಾಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ! ಅಲ್ಲಿ ಗುರುತು ಹೇಳುವುದು ಕಬ್ಬಿಣದ ಬಣ್ಣ, ಅಂಚಿನಲ್ಲಿ ಎದ್ದು ಕಾಣುವ ಗಟ್ಟಿ ಗಂಟುಗಳು, ವಿನ್ಯಾಸದ ಸಮತೋಲ. ಲೋಹ, ಕೆಲಸ, ಕಾಲ ಮೂರೂ ಹೊಂದಿದ ಮೇಲೆ ಸಹಿಗೆ ಬನ್ನಿ. ಆಗಲೂ ಅಕ್ಷರವಷ್ಟೇ ಸಾಲದು, ಉಳಿಯ ಏಟಿನ ಆಳ ಮತ್ತು ದಿಕ್ಕನ್ನು ಪರಿಣತರು ದೃಢೀಕರಿಸಿದ ತ್ಸುಬಾಗಳ ಚಿತ್ರದೊಂದಿಗೆ ಹೋಲಿಸಲೇಬೇಕು.